ಮೊದಲು ಟೈರು, ಆಮೇಲೆ ಟ್ರಾಕ್ಟರು

ಹೊಸ ಟ್ರಾಕ್ಟರ್ ಮನೆಗೆ ಬರುವ ದಿನ ಹೂವಿನ ಹಾರ, ನಿಂಬೆಹಣ್ಣು, ಬೂದುಗುಂಬಳ, ಅರಿಸಿನ ಕುಂಕುಮ ಕೊಳ್ಳಲು ಶಿವಮೊಗ್ಗದ ಗಾಂಧಿ ಬಜಾರಿಗೆ ಭದ್ರಾವತಿ ಕಡೆಯವರೂ ಬರುತ್ತಾರೆ, ತೀರ್ಥಹಳ್ಳಿ ಕಡೆಯವರೂ ಬರುತ್ತಾರೆ. ಪೂಜೆ ಮುಗಿಸಿ, ಚಕ್ರಗಳ ಕೆಳಗೆ ಒಂದೊಂದು ನಿಂಬೆಹಣ್ಣು ಇಟ್ಟು ಗಾಡಿ ಮುಂದಕ್ಕೆ ಬಿಡುವಾಗ ಮನೆಮಂದಿಯೆಲ್ಲ ಬಗ್ಗಿ ಟೈರು ನೋಡುತ್ತಾರೆ. ಅಲ್ಲಿಯವರೆಗೆ ಅದನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ತಿಂಗಳುಗಟ್ಟಲೆ ನಡೆದ ವಿಚಾರಣೆಯಲ್ಲಿ ಎಷ್ಟು ಎಚ್‌ಪಿ, ಗಂಟೆಗೆ ಎಷ್ಟು ಡೀಸೆಲ್, ಲಿಫ್ಟ್ ಎಷ್ಟು ತೂಕ ಎತ್ತುತ್ತದೆ, ಪವರ್ ಸ್ಟೀರಿಂಗ್ ಇದೆಯೋ ಇಲ್ಲವೋ, ಸಾಲಕ್ಕೆ ಬಡ್ಡಿ ಎಷ್ಟು, ಹಳೇ ಗಾಡಿಗೆ ಎಷ್ಟು ಕಟ್ಟುತ್ತಾರೆ ಎಂಬುದೆಲ್ಲ ಬಂದು ಹೋಗಿರುತ್ತದೆ. ಟೈರಿನ ಮಾತು ಎತ್ತಿದರೂ ಅದು ಎಂಆರ್‌ಎಫೋ, ಅಪೋಲೋನೋ, ಜೆಕೆನೋ ಎಂಬಲ್ಲಿಗೆ ನಿಲ್ಲುತ್ತದೆ. ಈ ಕ್ರಮವೇ ತಲೆಕೆಳಗಾಗಿದೆ ಎಂಬುದು ನನ್ನ ವಾದ. ನಮ್ಮ ನೆಲ ಯಾವುದು, ವರ್ಷದಲ್ಲಿ ಎಷ್ಟು ದಿನ ಅದು ಒದ್ದೆಯಾಗಿರುತ್ತದೆ, ಗಿಡದ ಸಾಲುಗಳ ನಡುವೆ ಎಷ್ಟು ಜಾಗವಿದೆ, ಗಾಡಿ ಎಷ್ಟು ಹೊತ್ತು ಗದ್ದೆಯಲ್ಲಿರುತ್ತದೆ, ಎಷ್ಟು ಹೊತ್ತು ಡಾಂಬರಿನ ಮೇಲಿರುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಆ ಲೆಕ್ಕಕ್ಕೆ ಒಪ್ಪುವ ಟೈರನ್ನು ತೀರ್ಮಾನ ಮಾಡಬೇಕು. ಆ ಟೈರು ಕೂರುವಂಥ ಟ್ರಾಕ್ಟರನ್ನು ಆಮೇಲೆ ಹುಡುಕಬೇಕು. ಮಲೆನಾಡೂ ಬಯಲೂ ಒಂದಕ್ಕೊಂದು ತಾಗಿಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಬೇರೆ ಯಾವ ಕ್ರಮವೂ ರೈತನಿಗೆ ನ್ಯಾಯ ಒದಗಿಸುವುದಿಲ್ಲ.

ಟೈರಿಗೆ ಇಷ್ಟು ಮಹತ್ವ ಏಕೆ ಎಂದರೆ, ಇಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಕೆಲಸವಾಗುವುದು ಟೈರು ನೆಲಕ್ಕೆ ತಾಗುವ ಆ ಅಂಗೈಯಗಲದ ಜಾಗಗಳಲ್ಲಿ. ರಬ್ಬರ್ ಟೈರು ಬರುವ ಮುನ್ನ ಟ್ರಾಕ್ಟರುಗಳಿಗೆ ಕಬ್ಬಿಣದ ಚಕ್ರ, ಅದರ ಸುತ್ತ ಮೊಳೆಯಂಥ ಹಲ್ಲು. 1932ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ತನ್ನ ಟ್ರಾಕ್ಟರಿಗೆ ಗಾಳಿ ತುಂಬಿದ ರಬ್ಬರ್ ಟೈರು ಹಾಕಿ ಮಾರಾಟಕ್ಕೆ ಬಿಟ್ಟಾಗ ಇದು ಜಾರಿ ಬೀಳುತ್ತದೆ, ಮುಳ್ಳಿಗೆ ಸಿಕ್ಕಿ ಹಾಳಾಗುತ್ತದೆ ಎಂದು ರೈತರು ಅನುಮಾನಪಟ್ಟರು. ಆದರೆ ಅದೇ ಇಂಜಿನ್ನು ಕಬ್ಬಿಣದ ಚಕ್ರದಲ್ಲಿ ಮಾಡುತ್ತಿದ್ದುದಕ್ಕಿಂತ ಹೆಚ್ಚು ಕೆಲಸವನ್ನು ಕಡಿಮೆ ಇಂಧನದಲ್ಲಿ ಮಾಡಿತು. ಕೆಲವೇ ವರ್ಷಗಳಲ್ಲಿ ಕಬ್ಬಿಣದ ಚಕ್ರ ಮೂಲೆಗೆ ಸೇರಿತು. ಇಂಜಿನ್ ಬದಲಾಗದೆ ಚಕ್ರವಷ್ಟೇ ಬದಲಾಗಿ ಗಾಡಿಯ ಯೋಗ್ಯತೆಯೇ ಬದಲಾಯಿತು ಎಂಬುದನ್ನು ಇಲ್ಲಿ ಗಮನಿಸಬೇಕು. ಇವತ್ತಿಗೂ ಅದು ಹಾಗೆಯೇ ಇದೆ, ಮತ್ತು ಇದನ್ನು ಯಾರು ಬೇಕಾದರೂ ತಮ್ಮ ಹೊಲದಲ್ಲೇ ಪರೀಕ್ಷಿಸಬಹುದು. ಹಿಂದಿನ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು, ನೇಗಿಲು ಎತ್ತಿಕೊಂಡು ಚಕ್ರ ಹತ್ತು ಸುತ್ತು ಉರುಳುವಷ್ಟು ದೂರ ಗಾಡಿ ಓಡಿಸಿ ಎರಡು ಕೋಲು ನೆಡಬೇಕು. ಆಮೇಲೆ ನೇಗಿಲು ಇಳಿಸಿ ಅಷ್ಟೇ ದೂರ ಉಳುತ್ತ ಹೋಗಿ ಸುತ್ತು ಎಣಿಸಬೇಕು. ಹನ್ನೊಂದು, ಹನ್ನೊಂದೂವರೆ ಬಂದರೆ ಟೈರು ನೆಲವನ್ನು ಚೆನ್ನಾಗಿ ಹಿಡಿಯುತ್ತಿದೆ. ಹನ್ನೆರಡು ದಾಟಿ ಹದಿಮೂರರ ಹತ್ತಿರ ಬಂದರೆ ಆರೇಳು ಸುತ್ತಿಗೆ ಒಂದೂವರೆ ಸುತ್ತು ಸುಮ್ಮನೆ ಜಾರಿಹೋಗುತ್ತಿದೆ ಎಂದರ್ಥ. ಆ ಜಾರಿಕೆಗೆ ಸುಡುವ ಡೀಸೆಲ್ಲೂ ಸವೆಯುವ ರಬ್ಬರೂ ರೈತನ ಜೇಬಿನದೇ. ಐವತ್ತು ಎಚ್‌ಪಿ ಎಂದು ಹಣ ಕೊಟ್ಟು ತಂದು, ತಪ್ಪು ಟೈರಿನ ದೆಸೆಯಿಂದ ನಲವತ್ತರ ಕೆಲಸ ತೆಗೆಯುವುದು ನಮ್ಮಲ್ಲಿ ಅಪರೂಪದ ಸಂಗತಿಯಲ್ಲ.

ಇನ್ನು ನಮ್ಮ ನೆಲದ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ. ಭದ್ರಾವತಿ, ಶಿಕಾರಿಪುರದ ಬಯಲಿಗೆ ಬಂದರೆ ಅದರ ಐದನೆಯ ಒಂದು ಪಾಲೂ ಬೀಳುವುದಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜಂಬಿಟ್ಟಿಗೆಯ ಗುಡ್ಡ, ಅದರ ತಗ್ಗಿನಲ್ಲಿ ಕೆಸರುಗದ್ದೆ ಮತ್ತು ತೋಟ. ಪೂರ್ವಕ್ಕೆ ಬಂದಂತೆ ಕೆಂಪುಮಣ್ಣು, ಅಲ್ಲಲ್ಲಿ ಎರೆ. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನಾಲೆಗೆ ನೀರು ಬಂದ ಮೇಲೆ ಭದ್ರಾವತಿ, ಚನ್ನಗಿರಿ ಕಡೆಯ ಬಯಲೆಲ್ಲ ಎರಡು ಬೆಳೆ ಭತ್ತದ ಗದ್ದೆಯಾಯಿತು. ಈಗ ಅದೇ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಹತ್ತು ವರ್ಷದ ಹಿಂದೆ ಕೆಸರು ಹೊಡೆಯಲು ತಂದ ಟ್ರಾಕ್ಟರು ಇವತ್ತು ಅಡಿಕೆ ಸಾಲಿನ ನಡುವೆ ರೋಟವೇಟರ್ ಎಳೆಯುತ್ತಿರುತ್ತದೆ. ಬೆಳೆ ಬದಲಾಯಿತು, ಟೈರು ಬದಲಾಗಲಿಲ್ಲ. ಎತ್ತಿನ ಕಾಲದವರಿಗೆ ಈ ವಿಷಯ ಚೆನ್ನಾಗಿ ತಿಳಿದಿತ್ತು. ಗಾಡಿ ಕಟ್ಟಿ ಕಲ್ಲುರಸ್ತೆಯಲ್ಲಿ ಮಂಡಿಗೆ ಹೋಗಿಬರುವ ಎತ್ತಿಗೆ ಲಾಳ ಕಟ್ಟಿಸುತ್ತಿದ್ದರು. ಬರೀ ಗದ್ದೆ ಹೂಡುವ ಎತ್ತಿಗೆ ಆ ಖರ್ಚು ಮಾಡುತ್ತಿರಲಿಲ್ಲ. ಎರಡೂ ಒಂದೇ ಕೊಟ್ಟಿಗೆಯ ಎತ್ತುಗಳೇ, ಆದರೆ ಕಾಲಿಗೇನು ಬೇಕೆಂಬುದನ್ನು ನೆಲ ನೋಡಿ ತೀರ್ಮಾನಿಸುತ್ತಿದ್ದರು. ಲಕ್ಷಗಟ್ಟಲೆ ಸಾಲ ಮಾಡಿ ತರುವ ಟ್ರಾಕ್ಟರಿನ ವಿಷಯದಲ್ಲೂ ಆ ಎಚ್ಚರ ಇರಬೇಡವೇ?

ಟೈರನ್ನು ಓದುವುದು ಕಷ್ಟದ ವಿದ್ಯೆಯಲ್ಲ. ಪಕ್ಕದ ಗೋಡೆಯ ಮೇಲೆ ಉಬ್ಬಕ್ಷರದಲ್ಲಿ 13.6-28 ಎಂದಿದ್ದರೆ ಟೈರಿನ ಅಗಲ ಹೆಚ್ಚುಕಡಿಮೆ 13.6 ಇಂಚು, ಅದು ಕೂರುವ ರಿಮ್ಮಿನ ವ್ಯಾಸ 28 ಇಂಚು. 12 ಪಿಆರ್ ಎಂದಿದ್ದರೆ ಅದು ಹೊರುವ ತಾಕತ್ತಿನ ಅಳತೆ. ಒಳಗೆ ಹನ್ನೆರಡು ಪದರ ಎಣಿಸಿ ಹಾಕಿದ್ದಾರೆಂದಲ್ಲ. ನಡುವೆ ಅಡ್ಡಗೀಟು ಇದ್ದರೆ ಮಾಮೂಲಿ ನೈಲಾನ್ ಟೈರು, ಗೀಟಿನ ಜಾಗದಲ್ಲಿ ಆರ್ ಇದ್ದರೆ ರೇಡಿಯಲ್. ಇನ್ನೊಂದು ಗುರುತು ಬಹಳ ಜನ ನೋಡುವುದೇ ಇಲ್ಲ: ಆರ್-1, ಆರ್-1ಡಬ್ಲ್ಯು, ಆರ್-2. ಹಿಂದಿನ ಟೈರಿನ ಹಲ್ಲು ಎಷ್ಟು ಆಳ ಎಂಬುದನ್ನು ಇದು ಹೇಳುತ್ತದೆ. ಆರ್-1 ಸಾಧಾರಣ ಹೊಲದ ಟೈರು, ನಮ್ಮಲ್ಲಿ ಹೆಚ್ಚಿನ ಗಾಡಿಗಳು ಇದನ್ನೇ ಹಾಕಿಕೊಂಡು ಬರುತ್ತವೆ. ಆರ್-1ಡಬ್ಲ್ಯುವಿನ ಹಲ್ಲು ಅದಕ್ಕಿಂತ ಸುಮಾರು ಕಾಲುಭಾಗ ಆಳ, ಒದ್ದೆ ಜಿಗುಟು ಮಣ್ಣಿಗೆ. ಆರ್-2ರದ್ದು ಆರ್-1ರ ಹೆಚ್ಚುಕಡಿಮೆ ಎರಡರಷ್ಟು ಆಳ, ಹಲ್ಲುಗಳ ನಡುವಿನ ಜಾಗವೂ ಅಗಲ. ನೀರು ನಿಂತ ಭತ್ತದ ಗದ್ದೆಗೆ, ಕಬ್ಬಿನ ಗದ್ದೆಗೆ ಮಾಡಿದ್ದು. ಹಲ್ಲುಗಳನ್ನು ಓರೆಯಾಗಿ ಕೂರಿಸಿರುವುದಕ್ಕೂ ಕಾರಣವಿದೆ. ಟೈರು ಉರುಳುವಾಗ ಹಲ್ಲಿನ ನಡುಭಾಗ ಮೊದಲು ನೆಲಕ್ಕೆ ತಾಗಿ, ಆಮೇಲೆ ಅಂಚಿನ ಕಡೆ ಒತ್ತುತ್ತ ಹೋಗುತ್ತದೆ. ಕೆಸರು ನಡುವಿನಿಂದ ಎರಡೂ ಬದಿಗೆ ಹಿಂಡಿಕೊಂಡು ಹೊರಬೀಳುತ್ತದೆ. ಗಾಡಿ ಹೋದ ಮೇಲೆ ನೆಲದಲ್ಲಿ ಉಳಿದ ಗುರುತನ್ನು ನೋಡಿ. ಬಾಣದ ತುದಿ ಗಾಡಿ ಬಂದ ದಿಕ್ಕಿಗೆ ಮುಖ ಮಾಡಿರಬೇಕು. ತುದಿ ಗಾಡಿ ಹೋದ ಕಡೆಗೆ ತಿರುಗಿದ್ದರೆ ಎಡದ ಟೈರನ್ನು ಬಲಕ್ಕೆ ಹಾಕಿದ್ದಾರೆ. ಅಂಥ ಟೈರು ಕೆಸರನ್ನು ಹೊರಹಾಕದೆ ನಡುವಿಗೇ ತುಂಬಿಕೊಳ್ಳುತ್ತದೆ. ಹಲ್ಲುಗಳ ನಡುವೆ ಅಚ್ಚು ತೆಗೆದಂತೆ ಬಿಡಿಬಿಡಿಯಾಗಿ ಮಣ್ಣು ಬಿದ್ದಿದ್ದರೆ ಟೈರು ಆ ನೆಲಕ್ಕೆ ಸರಿಹೊಂದಿದೆ. ಟೈರೇ ಕಾಣದಂತೆ ಮಣ್ಣು ಮೆತ್ತಿಕೊಂಡು ದುಂಡನೆ ಉರುಳುತ್ತಿದ್ದರೆ ಹೊಂದಿಲ್ಲ.

ಹಾಗಾದರೆ ಭತ್ತದ ನಾಡಿನವರು ಕಣ್ಣುಮುಚ್ಚಿ ಆಳ ಹಲ್ಲಿನ ಆರ್-2 ಹಾಕಿಸಿಕೊಳ್ಳಬಹುದಲ್ಲ ಎಂದು ಕೇಳಬಹುದು. ನಾನು ಬೇಡವೆನ್ನುತ್ತೇನೆ. ನಮ್ಮ ಟ್ರಾಕ್ಟರು ವರ್ಷವಿಡೀ ಮಾಡುವ ಕೆಲಸದ ಲೆಕ್ಕವೇ ಇದಕ್ಕೆ ಸಾಕ್ಷಿ. ಕೆಸರು ಹೊಡೆಯುವುದು ಮಳೆಗಾಲದಲ್ಲಿ ಕೆಲವು ವಾರ, ನಾಲೆಗೆ ನೀರು ಬಿಟ್ಟರೆ ಬೇಸಿಗೆ ಬೆಳೆಗೆ ಇನ್ನು ಕೆಲವು ವಾರ. ಉಳಿದ ತಿಂಗಳುಗಳಲ್ಲಿ ಒಣ ಉಳುಮೆ, ಗೊಬ್ಬರ ಸಾಗಿಸುವುದು, ಹುಲ್ಲು ತರುವುದು, ಜಂಬಿಟ್ಟಿಗೆ ಕಲ್ಲು, ಮರಳು, ಎಪಿಎಂಸಿಗೆ ಅಡಿಕೆ. ಭದ್ರಾವತಿಯ ಎಂಪಿಎಂ ಕಾರ್ಖಾನೆಯವರು ಕಬ್ಬು ಅರೆಯುತ್ತಿದ್ದ ಕಾಲದಲ್ಲಿ ಕಬ್ಬಿನ ಟ್ರೇಲರ್ ಎಳೆದ ಗಾಡಿಗಳೇ ನೂರಾರು. ಟ್ರೇಲರ್ ಎಂದರೆ ಡಾಂಬರು. ಆಳ ಹಲ್ಲು ಡಾಂಬರಿನ ಮೇಲೆ ನಿಲ್ಲಲಾರದೆ ಅತ್ತಿತ್ತ ಬಾಗುತ್ತದೆ, ಬಾಗಿದ್ದು ಬಿಸಿಯಾಗುತ್ತದೆ, ಬಿಸಿಯಾದದ್ದು ಬೇಗ ಸವೆಯುತ್ತದೆ. ಕೂತವನ ಬೆನ್ನಿಗೂ ನಡುಕ. ಕೆಸರಿಗೆಂದು ಹೆಚ್ಚು ಬೆಲೆ ಕೊಟ್ಟು ಕೊಂಡ ಹಲ್ಲು ಗದ್ದೆಯಲ್ಲಿ ಕೆಲಸ ಮಾಡಿ ಸವೆಯುವುದಕ್ಕಿಂತ ರಸ್ತೆಯಲ್ಲೇ ಹೆಚ್ಚು ಸವೆದು ಹೋಗುತ್ತದೆ. ಕೆಸರಿಗೆ ನಮ್ಮ ಕೈಯಲ್ಲೇ ಒಳ್ಳೆಯ ಉಪಾಯವಿದೆ, ಕೇಜ್ ವೀಲ್. ಟೈರಿನ ಪಕ್ಕಕ್ಕೆ ಅರ್ಧ ಕೇಜ್ ವೀಲ್ ಕಟ್ಟಿದರೆ ಗಾಡಿ ಹೂತುಕೊಳ್ಳದೆ ತೇಲಿದಂತೆ ನಡೆಯುತ್ತದೆ, ಅದರ ಪಟ್ಟಿಗಳೇ ಕೆಸರನ್ನೂ ಕಲಸುತ್ತವೆ. ಕೆಲಸ ಮುಗಿದ ಮೇಲೆ ಬಿಚ್ಚಿ ಕೊಟ್ಟಿಗೆಗೆ ಒರಗಿಸಬಹುದು. ಬಿಚ್ಚುವ ಸೋಮಾರಿತನಕ್ಕೆ ಅದನ್ನು ಕಟ್ಟಿಕೊಂಡೇ ರಸ್ತೆಗೆ ಇಳಿದು ಊರ ಡಾಂಬರನ್ನು ಕಿತ್ತುಹಾಕುವವರ ಮೇಲೆ ನನಗೆ ಸಿಟ್ಟಿದೆ. ಆ ರಸ್ತೆ ಮತ್ತೆ ಆಗಬೇಕಾದರೆ ಎಷ್ಟು ವರ್ಷ ಕಾಯಬೇಕೆಂದು ಅವರಿಗೂ ಗೊತ್ತು. ವರ್ಷಪೂರ್ತಿ ಜೌಗಿನಲ್ಲೇ ಇರುವ ಗದ್ದೆ, ರಸ್ತೆ ಮುಟ್ಟದ ಗಾಡಿ, ಇವೆರಡೂ ಇದ್ದವರಿಗೆ ಆರ್-2 ಸರಿ. ಅಂಥವರು ನಮ್ಮಲ್ಲಿ ಕಡಿಮೆ. ಮಿಕ್ಕವರಿಗೆ ಆರ್-1, ನೆಲ ತೀರ ಜಿಗುಟಾದರೆ ಆರ್-1ಡಬ್ಲ್ಯು, ಜೊತೆಗೆ ಕೇಜ್ ವೀಲ್.

ಅಡಿಕೆ ತೋಟಕ್ಕೆ ಬಂದರೆ ಪ್ರಶ್ನೆಯೇ ಬೇರೆಯಾಗುತ್ತದೆ. ಭತ್ತದ ಗದ್ದೆಯ ಮೇಲ್ಮಣ್ಣಿನ ಕೆಳಗೆ ಒಂದು ಗಟ್ಟಿ ಪದರ ಕೂತರೆ ಲಾಭವೇ, ನೀರು ಕೆಳಕ್ಕೆ ಇಂಗದೆ ನಿಲ್ಲುತ್ತದೆ. ಅದನ್ನು ಮಾಡಲೆಂದೇ ಕೆಸರು ಹೊಡೆಯುವುದು. ಅದೇ ಗಟ್ಟಿ ಪದರ ಅಡಿಕೆಗೆ ಶತ್ರು. ಅಡಿಕೆಗೆ ತಾಯಿಬೇರಿಲ್ಲ. ಅದರ ಬೇರುಗಳಲ್ಲಿ ಬಹುಪಾಲು ಬುಡದಿಂದ ಮೂರು ನಾಲ್ಕು ಅಡಿಯೊಳಗೆ, ಮೇಲಿನ ಎರಡಡಿ ಮಣ್ಣಿನಲ್ಲೇ ಹಬ್ಬಿರುತ್ತವೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳುವ ಅಂತರ 2.7 ಮೀಟರ್, ಅಂದರೆ ನಮ್ಮವರು ಹೇಳುವ ಒಂಬತ್ತು ಅಡಿ. ಎರಡು ಬದಿಯಿಂದ ಮೂರು ಮೂರು ಅಡಿ ಬೇರು ಬಿಟ್ಟರೆ ಉಳಿಯುವುದು ಮೂರೇ ಅಡಿ. ಆ ಮೂರಡಿಯಲ್ಲಿ ಬೇರು ತುಳಿಯದೆ ಓಡಾಡುವ ನಾಲ್ಕು ಚಕ್ರದ ಗಾಡಿ ಸಿಗುವುದಿಲ್ಲ. ಆದ್ದರಿಂದ ಇಲ್ಲಿ ಕೇಳಬೇಕಾದದ್ದು ಎಷ್ಟು ಕಡಿಮೆ ಒತ್ತುವ ಚಕ್ರ ಸಿಗುತ್ತದೆ ಎಂಬುದನ್ನು. ಮಣ್ಣಿನ ಮೇಲ್ಪದರಕ್ಕೆ ಬೀಳುವ ಒತ್ತಡ ಹೆಚ್ಚುಕಡಿಮೆ ಟೈರಿನೊಳಗಿನ ಗಾಳಿಯಷ್ಟೇ ಇರುತ್ತದೆ. ಆಳಕ್ಕೆ ಇಳಿಯುವ ಒತ್ತಡ ಗಾಡಿಯ ತೂಕವನ್ನು ಅನುಸರಿಸುತ್ತದೆ. ಹಾಗಾಗಿ ಎರಡು ಟನ್ನಿನ ಗಾಡಿಗೆ ಎಷ್ಟು ಅಗಲದ ಟೈರು ಹಾಕಿದರೂ ತೋಟದ ಅಡಿಮಣ್ಣಿಗೆ ಬಿಡುಗಡೆಯಿಲ್ಲ. ಒಂದು ಟನ್ ಆಸುಪಾಸಿನ ಮಿನಿ ಟ್ರಾಕ್ಟರು, ಅದಕ್ಕೆ 8.3-20 ಅಥವಾ 8.3-24ರಂಥ ಟೈರು, ಒಳಗೆ ಕಂಪನಿ ಒಪ್ಪುವ ಕನಿಷ್ಠ ಗಾಳಿ, ಇದು ತೋಟದವರ ಲೆಕ್ಕ. ಟೈರಿನ ವಿಚಾರದಿಂದ ಹೊರಟವರು ಇಲ್ಲಿ ತಾವಾಗಿಯೇ ಎಚ್‌ಪಿಯ ಉತ್ತರಕ್ಕೂ ಬಂದು ಮುಟ್ಟುತ್ತಾರೆ. ಎಚ್‌ಪಿಯಿಂದ ಹೊರಟವರು ದೊಡ್ಡ ಗಾಡಿ ತಂದು, ಅದು ಸಾಲಿನೊಳಗೆ ತಿರುಗುವುದಿಲ್ಲವೆಂದು ತಲೆಗೆ ಕೈ ಹೊತ್ತು ಕೂರುತ್ತಾರೆ. ಅನುಮಾನವಿದ್ದವರು ಮಳೆ ಬಂದ ಎರಡನೆಯ ದಿನ ಒಂದು ಕಬ್ಬಿಣದ ಸಲಾಕೆ ಹಿಡಿದು ತೋಟಕ್ಕೆ ಹೋಗಲಿ. ಚಕ್ರ ಓಡಾಡದ ಜಾಗದಲ್ಲಿ ಅದು ಅಂಗೈ ಒತ್ತಡಕ್ಕೇ ಒಂದಡಿ ಇಳಿಯುತ್ತದೆ. ಚಕ್ರದ ಜಾಡಿನಲ್ಲಿ ಒಂದು ಗೇಣು ಇಳಿದು ಟಕ್ ಎಂದು ನಿಂತರೆ, ಬೇರು ಕೂಡ ಅಲ್ಲಿಯೇ ನಿಂತಿರುತ್ತದೆ. ಚಕ್ರ ಮೊದಲ ಸಲ ಹಾಯ್ದಾಗಲೇ ಹೆಚ್ಚಿನ ಹಾನಿ ಆಗಿಬಿಡುವುದರಿಂದ ಒಂದೇ ಜಾಡಿನಲ್ಲಿ ಹೋಗಿಬರುವುದು ಮೇಲು. ದಿನಕ್ಕೊಂದು ದಾರಿ ಹಿಡಿದರೆ ತೋಟವೆಲ್ಲ ಗಟ್ಟಿಯಾಗುತ್ತದೆ.

ಕಂಪನಿಯ ಇಂಜಿನಿಯರುಗಳು ಪರೀಕ್ಷೆ ಮಾಡಿಯೇ ಟೈರು ಕೊಟ್ಟಿರುತ್ತಾರೆ, ರೈತನೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಆಕ್ಷೇಪಕ್ಕೆ ತೂಕವಿದೆ. ಅವರು ಪರೀಕ್ಷೆ ಮಾಡಿರುವುದು ನಿಜ. ಆದರೆ ಪಂಜಾಬಿನ ಗೋಧಿ ಹೊಲಕ್ಕೂ ವಿದರ್ಭದ ಹತ್ತಿ ಹೊಲಕ್ಕೂ ಹೊಸನಗರದ ಗದ್ದೆಗೂ ಒಂದೇ ಕಾರ್ಖಾನೆಯಿಂದ ಗಾಡಿ ಹೊರಡಬೇಕು. ಎಲ್ಲ ಕಡೆಯೂ ತಕ್ಕಮಟ್ಟಿಗೆ ನಡೆಯುವ ಟೈರನ್ನು ಅವರು ಹಾಕುತ್ತಾರೆ, ಅದು ಅವರ ಮಟ್ಟಿಗೆ ಸರಿಯೇ. ಅದೇ ಗಾಡಿಗೆ 13.6-28 ಅಥವಾ 14.9-28 ಎಂದು ಎರಡು ಆಯ್ಕೆಯನ್ನು ಅವರೇ ಮುದ್ರಿಸಿಯೂ ಇರುತ್ತಾರೆ. ಕೇಳುವವರಿಲ್ಲದ್ದರಿಂದ ಡೀಲರ್ ಅಂಗಳದಲ್ಲಿ ಯಾವುದಿದೆಯೋ ಅದು ಮನೆಗೆ ಬರುತ್ತದೆ. ಬೇಕಾದ ಟೈರು ಬುಕಿಂಗ್ ಹೊತ್ತಿನಲ್ಲೇ ಕೇಳಿದರೆ ವ್ಯತ್ಯಾಸದ ಹಣ ಕೊಟ್ಟು ಮುಗಿಸಬಹುದು. ಗದ್ದೆಗೆ ಇಳಿದ ಮೇಲೆ ಬದಲಾಯಿಸಹೊರಟರೆ ಹೊಸ ಟೈರನ್ನೂ ಹಳೇ ಟೈರಿನ ಬೆಲೆಗೆ ಕೊಡಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಟ್ರಾಕ್ಟರ್ ಟೈರಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿದಿದೆ, ಟ್ರಾಕ್ಟರಿನದು 12ರಿಂದ 5ಕ್ಕೆ. ಉಳಿದ ಹಣದಲ್ಲಿ ಮ್ಯೂಸಿಕ್ ಸಿಸ್ಟಮ್ಮು, ಬಣ್ಣದ ಲೈಟು ಹಾಕಿಸುವುದಕ್ಕಿಂತ ಟೈರಿನ ವ್ಯತ್ಯಾಸ ತುಂಬುವುದು ಲೇಸು ಎಂದು ನಾನು ಒತ್ತಿ ಹೇಳುತ್ತೇನೆ.

ದೊಡ್ಡ ಟೈರು ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಇನ್ನೊಂದು ನಂಬಿಕೆ ಇದೆ. ಅಗಲ ಹೆಚ್ಚಾದರೆ ನೆಲದ ಮೇಲೆ ತೇಲುವ ಗುಣ ಹೆಚ್ಚುತ್ತದೆ ಎಂಬುದು ನಿಜ. ಆದರೆ ಕಂಪನಿ ಹೇಳದ ಅಳತೆಯನ್ನು ಏರಿಸಿದರೆ ಗೇರ್ ಪೆಟ್ಟಿಗೆಗೆ ಹೊರೆ ಬೀಳುತ್ತದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ 4ಡಬ್ಲ್ಯುಡಿ ಗಾಡಿಯಲ್ಲಂತೂ ಅಪಾಯ ಇನ್ನೂ ಹೆಚ್ಚು. ಅದರಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಕೂದಲೆಳೆಯಷ್ಟು ಬೇಗ ಉರುಳುವಂತೆ ಲೆಕ್ಕ ಹಾಕಿ ಗೇರು ಕೂರಿಸಿರುತ್ತಾರೆ. ಹಿಂದಿನ ಟೈರಷ್ಟೇ ದೊಡ್ಡದಾದರೆ, ಅಥವಾ ಹಿಂದಿನದು ಹೊಸದಾಗಿ ಮುಂದಿನದು ಸವೆದಿದ್ದರೆ, ಆ ಲೆಕ್ಕ ಕೆಟ್ಟು ಮುಂದಿನ ಆಕ್ಸಲ್ ಒಳಗೊಳಗೇ ತಿರುಚಿಕೊಳ್ಳುತ್ತದೆ. ಹಿಡಿತ ಸಾಲದಿದ್ದರೆ ಹಿಂದಿನ ಟೈರಿಗೆ ಮುಕ್ಕಾಲು ಪಾಲು ನೀರು ತುಂಬಿಸುವ ಹಳೆಯ ಪದ್ಧತಿ ಒಳ್ಳೆಯದೇ. 13.6-28 ಟೈರೊಂದಕ್ಕೆ ನೂರೈವತ್ತು ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಒಣ ನೆಲದಲ್ಲಿ ಎಂ.ಬಿ. ನೇಗಿಲು ಎಳೆಯುವಾಗ ಆ ತೂಕ ಬೇಕು. ಅದೇ ನೀರು ಹೊತ್ತುಕೊಂಡು ತೋಟಕ್ಕೆ ಇಳಿದರೆ ಮೇಲೆ ಹೇಳಿದ ಬೇರಿನ ಮೇಲೆ ಅಷ್ಟು ಕೊಡ ನೀರಿನ ಭಾರವನ್ನು ಹೇರಿದಂತಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬಾಡಿಗೆಗೆ ಓಡಿಸುವವರದು. ನಮ್ಮದು ಇಂದು ಎರೆಹೊಲ, ನಾಳೆ ಕೆಂಪು ಹೊಲ, ನಾಡಿದ್ದು ಗದ್ದೆ. ಸಾಲದ ಕಂತು ಕಟ್ಟಬೇಕು, ಕರೆದ ಕಡೆ ಹೋಗಲೇಬೇಕು, ಯಾವ ನೆಲಕ್ಕೆಂದು ಟೈರು ನೋಡೋಣ ಎನ್ನುತ್ತಾರೆ. ಅವರ ಸಂಕಟ ಸಣ್ಣದಲ್ಲ. ಎಲ್ಲ ನೆಲಕ್ಕೂ ಹೊಂದುವ ಟೈರು ಜಗತ್ತಿನಲ್ಲಿ ಇಲ್ಲದಿರುವುದರಿಂದ, ಅಂಥವರು ಮೀಟರಿನ ಗಂಟೆಗಳು ಎಲ್ಲಿ ಹೆಚ್ಚು ಓಡುತ್ತವೋ ಆ ನೆಲವನ್ನು ಹಿಡಿಯಬೇಕು. ನಮ್ಮಲ್ಲಿ ಬಾಡಿಗೆ ಗಾಡಿಗೆ ಅದು ಒಣ ಉಳುಮೆ ಮತ್ತು ರಸ್ತೆ. ಆರ್-1 ಅವರಿಗೂ ಸಾಕು, ಅಪರೂಪದ ಕೆಸರಿಗೆ ಕೇಜ್ ವೀಲ್. ಇತ್ತ ಗದ್ದೆಯ ಯಜಮಾನನೂ ಅಪರೂಪದ ಕೆಲಸಕ್ಕೆಲ್ಲ ಸ್ವಂತ ಗಾಡಿಯನ್ನೇ ನೆಚ್ಚಬೇಕಿಲ್ಲ. 2014-15ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತವೆ. ವರ್ಷದಲ್ಲಿ ಹತ್ತು ದಿನದ ಕೆಲಸಕ್ಕೆ ಬಾಡಿಗೆ ಯಂತ್ರ ತಂದು, ಮುನ್ನೂರು ದಿನದ ಕೆಲಸಕ್ಕೆ ತಕ್ಕ ಟೈರನ್ನು ಸ್ವಂತಕ್ಕೆ ಇಟ್ಟುಕೊಳ್ಳುವವನು ಎರಡು ಕಡೆಯೂ ಉಳಿಸುತ್ತಾನೆ. ರೇಡಿಯಲ್ ಬಗ್ಗೆ ಒಂದೇ ಮಾತು: ಅದರ ಪಕ್ಕದ ಗೋಡೆ ಮೆತು, ನೆಲಕ್ಕೆ ಹೆಚ್ಚು ಹರಡಿಕೊಂಡು ಹಿಡಿಯುತ್ತದೆ, ಕಡಿಮೆ ಗಾಳಿಯಲ್ಲೂ ನಡೆಯುತ್ತದೆ, ಬೆಲೆ ಮಾತ್ರ ಜಾಸ್ತಿ. ಜಂಬಿಟ್ಟಿಗೆಯ ಚೂಪು ಕಲ್ಲುಗಳ ನಡುವೆ ಓಡುವ ಗಾಡಿಗೆ ಆ ಮೆತು ಗೋಡೆ ಹರಿಯುವ ಭಯವಿದೆ. ಬಯಲಿನ ದೊಡ್ಡ ಹಿಡುವಳಿದಾರರು ಯೋಚಿಸಬಹುದು.

ಟೈರು ಯಾವುದೆಂದು ತೀರ್ಮಾನವಾದ ಮೇಲೂ ಡೆಲಿವರಿಯ ದಿನ ಎರಡು ಸಂಗತಿ ಕಣ್ಣಾರೆ ನೋಡಬೇಕು. ಪಕ್ಕದ ಗೋಡೆಯ ಮೇಲೆ ನಾಲ್ಕಂಕಿಯ ಒಂದು ಗುರುತಿರುತ್ತದೆ. 2324 ಎಂದಿದ್ದರೆ 2024ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ವರ್ಷಗಟ್ಟಲೆ ಬಿಸಿಲಿನಲ್ಲಿ ನಿಂತ ಗಾಡಿಯ ಟೈರು ಓಡದೆಯೇ ಹಳತಾಗಿರುತ್ತದೆ, ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು ಕಂಡರೆ ಬೇಡವೆನ್ನಲು ಸಂಕೋಚಪಡಬಾರದು. ಎರಡನೆಯದು ಗಾಳಿ. ಕಾರ್ಖಾನೆಯಿಂದ ಲಾರಿಯ ಮೇಲೆ ಬರುವ ಗಾಡಿಗೆ ಅಲುಗಾಡದಿರಲೆಂದು ಹೆಚ್ಚು ಗಾಳಿ ತುಂಬಿರುವುದುಂಟು. ಅದೇ ಗಾಳಿಯಲ್ಲಿ ಹೊಲಕ್ಕೆ ಇಳಿಸಿದರೆ ಹಲ್ಲಿನ ನಡುಭಾಗವಷ್ಟೇ ನೆಲ ಮುಟ್ಟುತ್ತದೆ. ಹಿಂದಿನ ಟೈರಿಗೆ ಹೊಲದಲ್ಲಿ ಸಾಮಾನ್ಯವಾಗಿ 12ರಿಂದ 14 ಪೌಂಡ್ ಸಾಕು, ಟ್ರೇಲರ್ ಎಳೆಯುವಾಗ ಕೈಪಿಡಿಯಲ್ಲಿ ಹೇಳಿದಷ್ಟು ಏರಿಸಬೇಕು, ಮುಂದಿನ ಸಣ್ಣ ಟೈರಿಗೆ ಯಾವಾಗಲೂ ಹೆಚ್ಚು ಬೇಕು. ಪಂಕ್ಚರ್ ಅಂಗಡಿಯವರು ಕೈಯಲ್ಲಿ ತಟ್ಟಿ ಸಾಕು ಎನ್ನುವುದನ್ನು ನಂಬದೆ ಒಂದು ಗೇಜನ್ನು ಸ್ವಂತಕ್ಕೇ ಕೊಳ್ಳುವುದು ಒಳ್ಳೆಯದು, ದುಬಾರಿಯೇನಲ್ಲ. ಎಡಬಲದ ಟೈರುಗಳಲ್ಲಿ ಗಾಳಿ ಸಮ ಇಲ್ಲದಿದ್ದರೆ ಗಾಡಿ ಒಂದು ಮಗ್ಗುಲಿಗೆ ಎಳೆಯುತ್ತದೆ, ನೇಗಿಲೂ ಎರಡು ಬದಿಗೆ ಎರಡು ಆಳದಲ್ಲಿ ಹೋಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಗೇಜಿನಲ್ಲಿ, ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ, ಟೈರು ತಣ್ಣಗಿರುವಾಗಲೇ ನೋಡಿಕೊಳ್ಳಬೇಕು.